ಖಲೀಫನ ಹೆಸರಿನಲ್ಲಿ ಬಂದ ಕಾಗದ

ತೊಣ್ಣೂರಿನ ಕೆರೆ ಏರಿಯ ಮೇಲೆ ನಿಂತವರ ಸುತ್ತ ಹದಿನೆಂಟನೇ ಶತಮಾನದ ಮೈಸೂರಿನ ಯುದ್ಧಭೂಮಿಯೇ ಹರಡಿಕೊಂಡಿದೆ. ಉತ್ತರಕ್ಕೆ ಮೇಲುಕೋಟೆಯ ಬೆಟ್ಟ, ಪಶ್ಚಿಮಕ್ಕೆ ಚಿನಕುರಳಿ, ದಕ್ಷಿಣಕ್ಕೆ ಪಾಂಡವಪುರ, ಅದನ್ನು ದಾಟಿದರೆ ಶ್ರೀರಂಗಪಟ್ಟಣ. ಊರೊಳಗೆ ರಾಮಾನುಜಾಚಾರ್ಯರ ನೆನಪು ಹೊತ್ತ ನಂಬಿನಾರಾಯಣ ದೇವಸ್ಥಾನವಿದೆ, ಸೈಯದ್ ಸಾಲಾರ್ ಮಸೂದರ ಹೆಸರಿನ ದರ್ಗಾ ಇದೆ. ಕೆರೆಗೆ ‘ಮೋತಿ ತಲಾಬ್’ ಎಂಬ ಹೆಸರೂ ಉಂಟು. 1746ರಲ್ಲಿ ಇಲ್ಲಿಗೆ ಬಂದ ನಾಸಿರ್ ಜಂಗ್ ಇದರ ತಿಳಿನೀರು ಕಂಡು ಹಾಗೆ ಕರೆದನಂತೆ.

1771ರ ಮಾರ್ಚಿನಲ್ಲಿ ಮೇಲುಕೋಟೆಯಿಂದ ಪಟ್ಟಣದ ಕಡೆಗೆ ಹಿಂದೆ ಸರಿಯುತ್ತಿದ್ದ ಹೈದರ್ ಅಲಿಯ ದಂಡನ್ನು ತ್ರ್ಯಂಬಕರಾವ್‌ನ ಮರಾಠಾ ಸೈನ್ಯ ಚಿನಕುರಳಿಯ ಬಳಿ ಧೂಳೀಪಟ ಮಾಡಿತು. ಇಪ್ಪತ್ತು ವರ್ಷದ ತರುವಾಯ, 1791ರ ಮೇ ತಿಂಗಳಲ್ಲಿ, ಇಂಗ್ಲಿಷರ ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸ್ ಕನ್ನಂಬಾಡಿಯ ತನಕ ಬಂದು, ಮಳೆ, ಹಸಿವು, ದನಗಳ ಸಾವಿನಿಂದ ಕಂಗೆಟ್ಟು, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಹಿಂದಿರುಗಿದ. ಆ ಸೋತ ದಂಡಿಗೆ ಮರಾಠರ ನೆರವು ಸಿಕ್ಕಿದ್ದು ಮೇಲುಕೋಟೆಯ ಆಸುಪಾಸಿನಲ್ಲಿ. ಈಗಿನ ಪಾಂಡವಪುರದ ಹಳೆಯ ಹೆಸರು ಹಿರೋಡೆ. ಹೈದರ್ ಮತ್ತು ಟಿಪ್ಪುವಿನ ನೌಕರಿಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಅಲ್ಲಿ ಬೀಡು ಬಿಟ್ಟಿದ್ದರಿಂದ ಇಂಗ್ಲಿಷರ ನಕ್ಷೆಗಳಲ್ಲಿ ಅದು ‘ಫ್ರೆಂಚ್ ರಾಕ್ಸ್’ ಆಯಿತು. ಬಹುಕಾಲ ಆ ಹೆಸರೇ ನಡೆಯಿತು.

ಈ ಸೀಮೆಯಿಂದ ಆ ಕಾಲದಲ್ಲಿ ಇಸ್ತಾಂಬುಲ್, ಕಾಬೂಲ್, ಮಾರಿಷಸ್‌ಗಳಿಗೆ ಕಾಗದಗಳು ಹೋದವು. ಇಸ್ಲಾಮಿನ ಹೆಸರಿನಲ್ಲಿ ಒಂದಾಗೋಣ ಎಂಬ ಕರೆ ಅವುಗಳಲ್ಲಿ ಹಲವು ಕಡೆ ಇತ್ತು. ಆದರೆ ಅದೇ ಇಸ್ಲಾಮಿನ ಹೆಸರಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಎಲ್ಲಕ್ಕಿಂತ ಭಾರವಾದ ಕಾಗದವನ್ನು ತಲುಪಿಸಿದ್ದು ಈಸ್ಟ್ ಇಂಡಿಯಾ ಕಂಪನಿ. ಈ ಕಥೆಯನ್ನು ಪೂರ್ತಿಯಾಗಿ ಹೇಳಿದವರು ಕಡಿಮೆ. ಟಿಪ್ಪುವನ್ನು ಹೊಗಳುವವರು ಒಂದು ತುದಿ ಹಿಡಿಯುತ್ತಾರೆ, ಜರೆಯುವವರು ಇನ್ನೊಂದು ತುದಿ ಹಿಡಿಯುತ್ತಾರೆ. ನಡುವಿನ ಭಾಗ ಇಬ್ಬರಿಗೂ ಬೇಡವಾಗಿದೆ.

ಎರಡನೇ ಮೈಸೂರು ಯುದ್ಧ 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದೊಂದಿಗೆ ಮುಗಿಯಿತು. ಯುದ್ಧದಲ್ಲಿ ಸೋಲದಿದ್ದರೂ ಟಿಪ್ಪುವಿಗೆ ಒಂದು ಕೊರತೆ ಕಾಡುತ್ತಿತ್ತು. ಅವನ ಸಿಂಹಾಸನಕ್ಕೆ ಯಾವ ದೊಡ್ಡವರ ಮುದ್ರೆಯೂ ಇರಲಿಲ್ಲ. ದಿಲ್ಲಿಯ ಮೊಗಲ್ ಬಾದಶಹ ಬಡವಾಗಿದ್ದ. ಅವನ ದರ್ಬಾರಿನಲ್ಲಿ ನಿಜಾಮನ ಮಾತಿಗೆ ಇದ್ದ ಬೆಲೆ ಮೈಸೂರಿನ ಮಾತಿಗೆ ಇರಲಿಲ್ಲ. ಹೈದರನ ಮಗ ನಿನ್ನೆ ಮೊನ್ನೆಯ ದೊರೆ, ಒಡೆಯರ ಗಾದಿ ಕಸಿದವನ ಮಗ ಎಂಬ ಮಾತು ಹೈದರಾಬಾದಿನಲ್ಲೂ ಪುಣೆಯಲ್ಲೂ ಸಲೀಸಾಗಿ ಓಡಾಡುತ್ತಿತ್ತು. ಹಾಗಾಗಿ ಟಿಪ್ಪು ದಿಲ್ಲಿಯನ್ನು ದಾಟಿ ಇಸ್ತಾಂಬುಲಿನ ಉಸ್ಮಾನಿ ಸುಲ್ತಾನನ ಕಡೆ, ಅಂದರೆ ಮೆಕ್ಕಾ ಮದೀನಗಳ ರಕ್ಷಕನೆನಿಸಿಕೊಂಡ ಖಲೀಫನ ಕಡೆ ನೋಡಿದ.

1785ರ ನವೆಂಬರಿನಲ್ಲಿ ಶ್ರೀರಂಗಪಟ್ಟಣ ಬಿಟ್ಟ ನಿಯೋಗ 1786ರ ಮಾರ್ಚಿನಲ್ಲಿ ಉತ್ತರ ಕನ್ನಡದ ತದಡಿ ಬಂದರಿನಿಂದ ನಾಲ್ಕು ಹಡಗುಗಳಲ್ಲಿ ಹೊರಟಿತು. ಗುಲಾಂ ಅಲಿ ಖಾನ್ ಮುಖ್ಯಸ್ಥ. ಜೊತೆಗೆ ನೂರುಲ್ಲಾ ಖಾನ್, ಲುತ್ಫ್ ಅಲಿ ಖಾನ್, ಜಾಫರ್ ಖಾನ್. ಸಿಪಾಯಿಗಳು, ಆಳುಗಳು, ಅಡುಗೆಯವರು ಎಲ್ಲ ಸೇರಿ ಸುಮಾರು 900 ಜನ. ಶ್ರೀಗಂಧ, ಮೆಣಸು, ಏಲಕ್ಕಿ, ಬಟ್ಟೆ, ಕಾಣಿಕೆಯ ಆನೆಗಳು. ಕಾರ್ಯದರ್ಶಿಯಾಗಿ ಹೋದ ಖ್ವಾಜಾ ಅಬ್ದುಲ್ ಖಾದರ್ ಪಾರ್ಸಿಯಲ್ಲಿ ದಿನಚರಿ ಬರೆದ. ಆ ದಿನಚರಿಯಿಂದಲೇ ನಮಗೆ ಆ ಪ್ರಯಾಣದ ಹೊಟ್ಟೆಪಾಡು, ಜಗಳ, ರೋಗರುಜಿನ ಎಲ್ಲ ತಿಳಿಯುತ್ತವೆ. ಮಸ್ಕತ್, ಬುಶೈರ್, ಬಸ್ರಾ, ಬಾಗ್ದಾದ್ ಹಾದು ಅವರು ಇಸ್ತಾಂಬುಲ್ ಮುಟ್ಟಿದ್ದು 1787ರ ಸೆಪ್ಟೆಂಬರಿನಲ್ಲಿ. ದಾರಿಯಲ್ಲಿ ಹಡಗುಗಳು ಹಾಳಾದವು, ಆನೆಗಳು ಸತ್ತವು. ಆಮೇಲೆ ಪಿಡುಗು ಹೊಕ್ಕು ಜನರನ್ನು ಸಾಲುಸಾಲಾಗಿ ಕೊಂಡೊಯ್ದಿತು.

ಟಿಪ್ಪು ಕೇಳಿದ್ದೇನು? ಇಂಗ್ಲಿಷರ ವಿರುದ್ಧ ಸೈನಿಕ ನೆರವು, ಕುಶಲಕರ್ಮಿಗಳು, ವ್ಯಾಪಾರದ ಸವಲತ್ತು. ಬಸ್ರಾ ಬಂದರನ್ನು ತನಗೆ ಕೊಟ್ಟರೆ ಬದಲಿಗೆ ಮಂಗಳೂರನ್ನು ಬಿಟ್ಟುಕೊಡಲು ಸಿದ್ಧನಿದ್ದ. ನಜಫ್‌ಗೆ ನೀರು ತರಲು ಯೂಫ್ರಟಿಸ್ ನದಿಯಿಂದ ಕಾಲುವೆ ತೋಡಿಸುತ್ತೇನೆಂದೂ ಹೇಳಿದ. ಧರ್ಮಶ್ರದ್ಧೆ, ವ್ಯಾಪಾರ, ರಾಜಕೀಯ ಮೂರೂ ಒಂದೇ ಹುರಿಯಲ್ಲಿ ಹೊಸೆದಿದ್ದವು. ಬರೀ ಧರ್ಮ ಎಂದರೂ ತಪ್ಪು, ಬರೀ ವ್ಯಾಪಾರ ಎಂದರೂ ತಪ್ಪು.

ಆದರೆ ನಿಯೋಗ ಕಾಲಿಟ್ಟ ಹೊತ್ತಿಗೆ ಉಸ್ಮಾನಿಗಳಿಗೆ ರಷ್ಯದೊಡನೆ ಯುದ್ಧ ಶುರುವಾಗಿತ್ತು. ಇಂಗ್ಲೆಂಡನ್ನು ಎದುರುಹಾಕಿಕೊಳ್ಳುವ ಸ್ಥಿತಿಯಲ್ಲಿ ಸುಲ್ತಾನ್ ಒಂದನೇ ಅಬ್ದುಲ್ ಹಮೀದ್ ಇರಲಿಲ್ಲ. ಇಸ್ತಾಂಬುಲಿನಲ್ಲಿದ್ದ ಇಂಗ್ಲಿಷ್ ರಾಯಭಾರಿ ರಾಬರ್ಟ್ ಏನ್ಸ್‌ಲಿಯೂ ಸುಮ್ಮನೆ ಕೂತಿರಲಿಲ್ಲ. ಸಿಕ್ಕಿದ್ದು ದರ್ಬಾರಿನ ಮರ್ಯಾದೆ, ಉಡುಗೊರೆ, ಟಿಪ್ಪುವಿನ ದೊರೆತನಕ್ಕೆ ಒಪ್ಪಿಗೆಯ ಪತ್ರ. ಒಬ್ಬ ಸಿಪಾಯಿ ಬರಲಿಲ್ಲ, ಒಂದು ತೋಪು ಬರಲಿಲ್ಲ. 1789ರ ಡಿಸೆಂಬರಿನಲ್ಲಿ ಮಲಬಾರಿನ ಕರಾವಳಿಗೆ ವಾಪಸು ಬಂದಿಳಿದವರು ಬೆರಳೆಣಿಕೆಯಷ್ಟು ಮಂದಿ. ಮನೆಗೆ ಬಾರದ ಆ ನೂರಾರು ಆಳುಕಾಳುಗಳ ಹೆಸರುಗಳನ್ನು ಯಾವ ಇತಿಹಾಸದಲ್ಲೂ ನಾವು ಓದುವುದಿಲ್ಲ. ಒಗ್ಗಟ್ಟಿನ ಕನಸಿಗೆ ಮೊದಲು ಬೆಲೆ ತೆತ್ತವರು ಅವರೇ.

ಒಳನಾಡಿನಲ್ಲಿ ಟಿಪ್ಪು ತನ್ನ ಪ್ರಚಾರವನ್ನು ಬೇರೆ ಬಗೆಯಲ್ಲಿ ನಡೆಸಿದ. ಶುಕ್ರವಾರದ ನಮಾಜಿನ ಪ್ರವಚನವಾದ ಖುತ್ಬಾದಲ್ಲಿ ಮೊಗಲ್ ಬಾದಶಹನ ಹೆಸರಿನ ಬದಲು ತನ್ನ ಹೆಸರು ಓದಿಸಿದ. ಮಸೀದಿಗಳಲ್ಲಿ ಓದಲೆಂದು ಉಪದೇಶಗಳನ್ನು ಬರೆಸಿದ. ಇಂಗ್ಲಿಷರ ಕೈಕೆಳಗೆ, ನಿಜಾಮನ ಕೈಕೆಳಗೆ ಇರುವ ಮುಸಲ್ಮಾನರು ಮೈಸೂರಿಗೆ ಬಂದು ನೆಲೆಸಬೇಕೆಂದು ಕರೆ ಕಳಿಸಿದ. ಎಲ್ಲಕ್ಕಿಂತ ಜಾಣತನದ ಕೆಲಸ ಮಾತ್ರ ಶ್ರೀರಂಗಪಟ್ಟಣದ ಟಂಕಸಾಲೆಯಲ್ಲಿ ನಡೆಯಿತು.

ಅವನ ನಾಣ್ಯಗಳನ್ನು ಕೈಯಲ್ಲಿ ಹಿಡಿದು ನೋಡಬೇಕು. ದೊಡ್ಡ ಚಿನ್ನದ ನಾಣ್ಯಕ್ಕೆ ಪ್ರವಾದಿಯ ಹೆಸರಿನಿಂದ ‘ಅಹ್ಮದಿ’, ಅದರ ಅರ್ಧಕ್ಕೆ ಮೊದಲ ಖಲೀಫ ಅಬೂಬಕರರ ಬಿರುದಿನಿಂದ ‘ಸಿದ್ದೀಕಿ’, ವರಹಕ್ಕೆ ಎರಡನೇ ಖಲೀಫ ಉಮರರ ಬಿರುದಿನಿಂದ ‘ಫಾರೂಕಿ’. ಇವು ಸುನ್ನಿಗಳು ಎದೆಗೊತ್ತಿಕೊಳ್ಳುವ ಹೆಸರುಗಳು. ಬೆಳ್ಳಿಗೆ ಬಂದರೆ ಎರಡು ರೂಪಾಯಿಯದು ‘ಹೈದರಿ’, ರೂಪಾಯಿ ‘ಇಮಾಮಿ’, ಅರ್ಧ ‘ಆಬಿದಿ’, ಕಾಲು ‘ಬಾಕಿರಿ’, ಅರೆಕಾಲು ‘ಜಾಫರಿ’. ಹಜ್ರತ್ ಅಲಿ ಮತ್ತು ಅವರ ವಂಶದ ಇಮಾಮರ ಹೆಸರುಗಳಿವು. ಶಿಯಾಗಳ ಕಿವಿಗೆ ಜೇನು. ಶತಮಾನಗಳಿಂದ ಬೇರೆ ಬೇರೆ ನಡೆದ ಎರಡು ಪಂಗಡಗಳನ್ನು ಟಿಪ್ಪು ತನ್ನ ಖಜಾನೆಯ ಚೀಲದಲ್ಲಿ ಒಟ್ಟಿಗೆ ಕೂರಿಸಿದ್ದ. ತಾಮ್ರದ ಕಾಸಿನ ಮೇಲೆ ಆನೆ. ಚಿಲ್ಲರೆ ಕೊಟ್ಟು ರಾಗಿ ಕೊಳ್ಳುವ ಹಿರೋಡೆಯ ರೈತನಿಗೆ ಇಮಾಮರ ಹೆಸರು ಓದಲು ಬರಬೇಕಾಗಿರಲಿಲ್ಲ, ಆನೆ ಕಂಡರೆ ಸಾಕಿತ್ತು. ಅಕ್ಷರ ಬಲ್ಲ ಮುಸಲ್ಮಾನ ಅಧಿಕಾರಿಗೆ ಒಂದು ಸಂದೇಶ, ಸಂತೆಯ ಜನಕ್ಕೆ ಇನ್ನೊಂದು. ಆ ಕಾಲದ ಭಾರತದಲ್ಲಿ ಹಣವನ್ನು ಇಷ್ಟು ಯೋಚಿಸಿ ಪ್ರಚಾರಕ್ಕೆ ಬಳಸಿದ ಇನ್ನೊಬ್ಬ ದೊರೆ ನನಗೆ ಕಾಣುವುದಿಲ್ಲ.

ಹೊರಗೆ ಮಾತ್ರ ಈ ಮಾತು ಎಲ್ಲೂ ನಾಟಲಿಲ್ಲ. ಪಕ್ಕದ ಮನೆಯೇ ಒಪ್ಪಲಿಲ್ಲ. ಹೈದರಾಬಾದಿನ ನಿಜಾಮ್ ಅಲಿ ಖಾನನೊಡನೆ ಮಾತುಕತೆ ನಡೆದು ಕುರಾನಿನ ಮೇಲೆ ಆಣೆ ಇಡುವ ತನಕ ಬಂದಿತ್ತು. ಬರೀ ಆಣೆ ಸಾಲದು, ಎರಡು ಮನೆತನಗಳ ನಡುವೆ ಮದುವೆಯ ಸಂಬಂಧ ಆಗಲಿ ಎಂದು ಟಿಪ್ಪು ಕೇಳಿದ. ನಿಜಾಮನಿಗೆ ಅದು ಸರಿಬರಲಿಲ್ಲ. ಹೈದರನ ಮಗನಿಗೆ ಹೆಣ್ಣು ಕೊಡುವುದೇ ಎಂಬ ಮನೆತನದ ಹಮ್ಮು ಧರ್ಮಬಂಧುತ್ವಕ್ಕಿಂತ ಗಟ್ಟಿಯಾಗಿತ್ತು. 1790ರಲ್ಲಿ ಅದೇ ನಿಜಾಮ ಇಂಗ್ಲಿಷರ ಜೊತೆ, ಪೇಶ್ವೆಯ ಜೊತೆ ಕೈಜೋಡಿಸಿ ಮೈಸೂರಿನ ಮೇಲೆ ದಂಡು ಕಳಿಸಿದ.

ಮೂರನೇ ಯುದ್ಧ ಮೈಸೂರಿನ ಬೆನ್ನೆಲುಬು ಮುರಿಯಿತು. 1792ರ ಮಾರ್ಚಿನ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು, ಇಬ್ಬರು ಗಂಡುಮಕ್ಕಳು ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್ ಒತ್ತೆಯಾಳುಗಳಾದರು. ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ, ಫೆಬ್ರವರಿ 26ರಂದು, ಆ ಮಕ್ಕಳನ್ನು ಕಾರ್ನ್‌ವಾಲಿಸನ ಡೇರೆಗೆ ಕರೆತಂದು ಒಪ್ಪಿಸಿದವನು ಗುಲಾಂ ಅಲಿ ಖಾನ್, ಇಸ್ತಾಂಬುಲಿಗೆ ನಿಯೋಗ ಒಯ್ದಿದ್ದವನೇ. ಖಲೀಫನ ದರ್ಬಾರಿನಲ್ಲಿ ಮೈಸೂರಿನ ಪರವಾಗಿ ನಿಂತಿದ್ದವನು ಐದೇ ವರ್ಷದಲ್ಲಿ ತನ್ನ ದೊರೆಯ ಮಕ್ಕಳ ಕೈ ಹಿಡಿದು ಶತ್ರುವಿನ ಮುಂದೆ ನಿಲ್ಲಬೇಕಾಯಿತು. ಇಂಗ್ಲೆಂಡಿನ ಚಿತ್ರಕಾರರಿಗೆ ಈ ದೃಶ್ಯ ಹಬ್ಬವಾಯಿತು. ಕಾರ್ನ್‌ವಾಲಿಸ್ ಮಕ್ಕಳನ್ನು ಅಪ್ಪನ ಹಾಗೆ ಬರಮಾಡಿಕೊಳ್ಳುವ ಚಿತ್ರಗಳು ಲಂಡನ್ನಿನಲ್ಲಿ ಮತ್ತೆ ಮತ್ತೆ ಮೂಡಿದವು, ಅಚ್ಚಾದವು. ಅರ್ಧ ರಾಜ್ಯ ಕಿತ್ತುಕೊಂಡ ಒಪ್ಪಂದ ಆ ಚಿತ್ರಗಳಲ್ಲಿ ಕರುಣೆಯ ಕಥೆಯಾಯಿತು. ಕಂಪನಿಗೂ ಪ್ರಚಾರ ಚೆನ್ನಾಗಿಯೇ ಗೊತ್ತಿತ್ತು.

ಅದೇ ಯುದ್ಧದ ನಡುವೆ, 1791ರಲ್ಲಿ, ಮರಾಠಾ ದಂಡಿನ ಸವಾರರು ಶೃಂಗೇರಿ ಮಠವನ್ನು ಲೂಟಿ ಮಾಡಿದರು. ಟಿಪ್ಪು ಅಲ್ಲಿನ ಜಗದ್ಗುರುಗಳಿಗೆ ಕನ್ನಡದಲ್ಲಿ ಬರೆದ ಕಾಗದಗಳು 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದವು. ದೇವಿಯ ಪ್ರತಿಷ್ಠಾಪನೆಗೆ ಹಣ, ರಾಜ್ಯದ ಕ್ಷೇಮಕ್ಕಾಗಿ ಚಂಡೀ ಜಪ, ಶತ್ರುಗಳ ನಾಶಕ್ಕೆ ಪ್ರಾರ್ಥನೆ ಮಾಡಿರೆಂಬ ಬಿನ್ನಹ. ಕಾಬೂಲಿಗೆ ಜಿಹಾದಿನ ಕರೆ ಬರೆದ ದೊರೆಯೇ ಶೃಂಗೇರಿಗೆ ಜಪದ ಬಿನ್ನಹ ಬರೆದ. ಒಂದು ನಿಜ, ಇನ್ನೊಂದು ನಾಟಕ ಎಂದು ತೀರ್ಪು ಕೊಡುವವರು ಅವಸರ ಮಾಡುತ್ತಾರೆ. ಸೋಲು ಬಾಗಿಲಿಗೆ ಬಂದಾಗ ರಾಜನಾದವನು ಯಾವ ಬಾಗಿಲು ತೆರೆದೀತೆಂದು ಎಲ್ಲವನ್ನೂ ತಟ್ಟುತ್ತಾನೆ. ಹಾಗೆಯೇ ಕೊಡಗು ಮತ್ತು ಮಲಬಾರಿನ ದಂಡಯಾತ್ರೆಗಳಲ್ಲಿ ಅವನ ಆಜ್ಞೆಗಳು ಕ್ರೂರವಾಗಿದ್ದವು, ಧರ್ಮದ ಹೆಸರಿನಲ್ಲೇ ಇದ್ದವು. ಶೃಂಗೇರಿಯ ಕಾಗದ ತೋರಿಸಿ ಅದನ್ನು ಮುಚ್ಚುವುದೂ ಸಲ್ಲದು.

1796ರಲ್ಲಿ ಟಿಪ್ಪುವಿನ ಇಬ್ಬರು ದೂತರು ಕಾಬೂಲಿನ ಜಮಾನ್ ಶಾನ ಬಳಿಗೆ ಹೋದರು. ಅಹ್ಮದ್ ಶಾ ಅಬ್ದಾಲಿಯ ಮೊಮ್ಮಗ ಉತ್ತರದಿಂದ ದಿಲ್ಲಿಯ ಮೇಲೆ ಬೀಳಬೇಕು, ದಕ್ಷಿಣದಿಂದ ತಾನು ಏಳಬೇಕು. ಮೊದಲು ಮರಾಠರು, ಆಮೇಲೆ ಇಂಗ್ಲಿಷರು. ಯೋಜನೆ ಕಾಗದದ ಮೇಲೆ ಚೆನ್ನಾಗಿತ್ತು. ಜಮಾನ್ ಶಾ ಲಾಹೋರಿನ ತನಕ ಬಂದ, 1798ರ ಕೊನೆಗೆ ಮತ್ತೊಮ್ಮೆ ಬಂದ. ಕಲ್ಕತ್ತೆಯಲ್ಲಿ ಗಾಬರಿ ಎದ್ದಿತು. ಆಗ ಬೊಂಬಾಯಿ ಗವರ್ನರ್ ಜೊನಾಥನ್ ಡಂಕನ್ ಬುಶೈರಿನಲ್ಲಿದ್ದ ಕಂಪನಿಯ ಪ್ರತಿನಿಧಿ ಮೆಹದಿ ಅಲಿ ಖಾನನಿಗೆ ಒಂದು ಕೆಲಸ ಒಪ್ಪಿಸಿದ. ಇರಾನಿನ ಶಿಯಾ ದೊರೆ ಫತೇಹ್ ಅಲಿ ಶಾ ಅಫ್ಘಾನಿಸ್ತಾನದ ಮೇಲೆ ಕಣ್ಣು ಕೆಂಪಗೆ ಮಾಡುವಂತೆ ನೋಡಿಕೊಳ್ಳಬೇಕು. ಮೆಹದಿ ಅಲಿ ಖಾನ್ ಬರೆದ ಕಾಗದಗಳಲ್ಲಿ ಲಾಹೋರಿನ ಶಿಯಾಗಳ ಮೇಲೆ ಸುನ್ನಿ ಅಫ್ಘಾನರು ನಡೆಸಿದ ದೌರ್ಜನ್ಯಗಳ ವರ್ಣನೆ ತುಂಬಿತ್ತು. ಕಂಪನಿಯ ನೆಲದಲ್ಲಿ ಮಾತ್ರ ಶಿಯಾಗಳಿಗೆ ಆಸರೆ ಎಂಬ ಧ್ವನಿ ಇತ್ತು. ಇರಾನ್ ಜಮಾನ್ ಶಾನ ದಾಯಾದಿ ಮಹಮೂದನಿಗೆ ಬೆಂಬಲ ಕೊಟ್ಟಿತು. ಮನೆಯಲ್ಲಿ ಬೆಂಕಿ ಬಿದ್ದಿದ್ದರಿಂದ ಜಮಾನ್ ಶಾ 1799ರ ಜನವರಿಯಲ್ಲಿ ಲಾಹೋರು ಬಿಟ್ಟು ಹೊರಟ. ಟಿಪ್ಪು ನಾಣ್ಯದ ಮೇಲೆ ಹೊಲಿದಿದ್ದ ಸುನ್ನಿ–ಶಿಯಾ ಸೇರುವೆಯನ್ನು ಕಂಪನಿಯ ಒಬ್ಬ ಮುಸ್ಲಿಂ ನೌಕರ ಕೆಲವು ಕಾಗದಗಳಿಂದ ಬಿಚ್ಚಿಹಾಕಿದ್ದ.

ಇನ್ನೊಂದು ದಿಕ್ಕಿನಿಂದ ಬಂದ ಕೇಡು ಟಿಪ್ಪು ತಾನೇ ಮನೆಗೆ ಕರೆದುಕೊಂಡದ್ದು. 1797ರಲ್ಲಿ ರಿಪೋ ಎಂಬ ಫ್ರೆಂಚ್ ನಾವಿಕ ಮಂಗಳೂರಿಗೆ ಬಂದಿಳಿದು, ಮಾರಿಷಸ್ಸಿನಲ್ಲಿ ಹತ್ತು ಸಾವಿರ ಫ್ರೆಂಚ್ ಸೈನ್ಯ ಕಾಯುತ್ತಿದೆ ಎಂದು ಬಣ್ಣ ಕಟ್ಟಿದ. ಟಿಪ್ಪು ನಂಬಿದ. ಗುಟ್ಟಾಗಿ ಹೋದ ಇಬ್ಬರು ದೂತರು ಅಲ್ಲಿ ಸೈನ್ಯವೇ ಇಲ್ಲವೆಂದು ಕಂಡುಕೊಂಡರು. ಗವರ್ನರ್ ಮಲಾರ್ಟಿಕ್ ಗುಟ್ಟನ್ನೂ ಉಳಿಸಲಿಲ್ಲ. ಟಿಪ್ಪು ಇಂಗ್ಲಿಷರ ವಿರುದ್ಧ ಯುದ್ಧಕ್ಕೆ ನೆರವು ಕೇಳಿದ್ದಾನೆ, ಸ್ವಯಂಸೇವಕರು ಬನ್ನಿ ಎಂದು 1798ರ ಜನವರಿ 30ರಂದು ಬಹಿರಂಗ ಘೋಷಣೆ ಹೊರಡಿಸಿದ. ಏಪ್ರಿಲಿನಲ್ಲಿ ಮಂಗಳೂರಿಗೆ ಬಂದಿಳಿದವರು ಸುಮಾರು ನೂರು ಜನ. ಜೂನಿನಲ್ಲಿ ಆ ಘೋಷಣೆ ಕಲ್ಕತ್ತೆಯ ಪತ್ರಿಕೆಯಲ್ಲಿ ಅಚ್ಚಾಯಿತು. ಆಗಷ್ಟೇ ಗವರ್ನರ್ ಜನರಲ್ ಆಗಿ ಬಂದಿದ್ದ ರಿಚರ್ಡ್ ವೆಲ್ಲೆಸ್ಲಿಗೆ ಯುದ್ಧಕ್ಕೆ ಬೇಕಾಗಿದ್ದ ನೆಪ ತಾನಾಗಿ ಬಂದು ಕೈಸೇರಿತು. ನೂರು ಜನರಿಂದ ಕಂಪನಿಗೆ ಅಪಾಯವಿಲ್ಲವೆಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಅವನಿಗೆ ಬೇಕಾಗಿದ್ದದ್ದು ಲಂಡನ್ನಿಗೆ ತೋರಿಸಲು ಒಂದು ಹಾಳೆ.

1798ರ ಜುಲೈನಲ್ಲಿ ನೆಪೋಲಿಯನ್ ಈಜಿಪ್ಟಿಗೆ ಕಾಲಿಟ್ಟ. ಅಲ್ಲಿ ಅವನು ಅರಬ್ಬಿಯಲ್ಲಿ ಅಚ್ಚು ಹಾಕಿಸಿದ ಘೋಷಣೆಯಲ್ಲಿ ತಾನು ಇಸ್ಲಾಮಿನ ಗೆಳೆಯನೆಂದೂ, ಮುಸಲ್ಮಾನರ ವೈರಿಗಳಾದ ಪೋಪನನ್ನೂ ಮಾಲ್ಟಾದ ಸರದಾರರನ್ನೂ ಮಣ್ಣುಮುಕ್ಕಿಸಿದವನೆಂದೂ ಹೇಳಿಕೊಂಡ. ಇಸ್ತಾಂಬುಲಿನ ಹೊಸ ಸುಲ್ತಾನ್ ಮೂರನೇ ಸಲೀಮ್‌ಗೆ ಈಜಿಪ್ಟ್ ತನ್ನ ನಾಡು, ಮೆಕ್ಕಾದ ಹೆಬ್ಬಾಗಿಲು. ಅವನು ಫ್ರಾನ್ಸಿನ ಮೇಲೆ ಯುದ್ಧ ಸಾರಿ ಇಂಗ್ಲೆಂಡಿನ ಮಿತ್ರನಾದ. ಇಂಗ್ಲಿಷ್ ಪ್ರತಿನಿಧಿಯ ಮಾತಿನಂತೆ 1798ರ ಸೆಪ್ಟೆಂಬರ್ 20ರಂದು ಟಿಪ್ಪುವಿಗೆ ಒಂದು ಕಾಗದ ಬರೆಸಿದ.

ಅದರ ಸಾರ ಇಷ್ಟು. ಫ್ರೆಂಚರು ಇಸ್ಲಾಮಿನ ಶತ್ರುಗಳು. ಪವಿತ್ರ ನಗರಗಳ ಮೇಲೆ ಕಣ್ಣು ಹಾಕಿದ್ದಾರೆ. ಅವರ ಜೊತೆ ಸೇರಬೇಡ. ಇಂಗ್ಲಿಷರ ಮೇಲೆ ನಿನಗೆ ದೂರುಗಳಿದ್ದರೆ ನನಗೆ ತಿಳಿಸು, ನಾನು ಮಧ್ಯಸ್ಥಿಕೆ ವಹಿಸಿ ಸರಿಪಡಿಸುತ್ತೇನೆ.

ಈ ಕಾಗದ ವೆಲ್ಲೆಸ್ಲಿಯ ಕೈಗೆ ಬಂತು. ಅವನು ಆ ಹೊತ್ತಿಗೆ ಮದರಾಸಿಗೆ ಬಂದು ಕೂತು ಯುದ್ಧದ ಸಿದ್ಧತೆ ಮುಗಿಸುತ್ತಿದ್ದ. 1799ರ ಜನವರಿ 16ರಂದು ತನ್ನದೊಂದು ಕಾಗದದೊಡನೆ ಅದನ್ನು ಶ್ರೀರಂಗಪಟ್ಟಣಕ್ಕೆ ಕಳಿಸಿದ. ನಿಮ್ಮ ಧರ್ಮದ ಮುಖ್ಯಸ್ಥರ ಮಾತು ಕೇಳಿ ಎಂಬ ಧಾಟಿಯಲ್ಲಿ ಕಂಪನಿಯ ಗವರ್ನರ್ ಜನರಲ್ ಟಿಪ್ಪು ಸುಲ್ತಾನನಿಗೆ ಬುದ್ಧಿ ಹೇಳಿದ್ದ. ಖಲೀಫನ ಒಪ್ಪಿಗೆಗಾಗಿ ನೂರಾರು ಜನರನ್ನು ಕಳೆದುಕೊಂಡವನು ಟಿಪ್ಪು. ಆ ಖಲೀಫನೇ ಈಗ ಬಿಡು ಎನ್ನುತ್ತಿದ್ದ, ಅದೂ ಶತ್ರುವಿನ ಅಂಚೆಯಲ್ಲಿ. ಒಲ್ಲೆ ಎಂದರೆ ಹದಿನೈದು ವರ್ಷ ಸಾರಿಕೊಂಡು ಬಂದ ಮಾತಿಗೆ ಅರ್ಥವಿಲ್ಲ. ಆಗಲಿ ಎಂದರೆ ಇದ್ದ ಒಂದೇ ಆಸರೆ ಕೈಬಿಟ್ಟಂತೆ.

ಫೆಬ್ರವರಿಯಲ್ಲಿ ಟಿಪ್ಪು ಉತ್ತರ ಬರೆದ. ಖಲೀಫನ ವೈರಿಗಳು ತನಗೂ ವೈರಿಗಳೆಂದು ನಿಷ್ಠೆ ತೋರಿದ, ಇಂಗ್ಲಿಷರು ಹಿಂದೂಸ್ಥಾನದಲ್ಲಿ ಮಾಡಿರುವ ಅನ್ಯಾಯಗಳನ್ನು ತೋಡಿಕೊಂಡ. ವೆಲ್ಲೆಸ್ಲಿಗೆ ಮಾತ್ರ ತಾನು ಬೇಟೆಗೆ ಹೊರಟಿರುವುದಾಗಿಯೂ, ಮಾತುಕತೆಗೆ ಮೇಜರ್ ಡೌಟನ್‌ನನ್ನು ಕಳಿಸಬಹುದೆಂದೂ ತಿಳಿಸಿದ. ಅಷ್ಟರಲ್ಲಿ ಕಂಪನಿಯ ಜನರಲ್ ಹ್ಯಾರಿಸನ ದಂಡು ಹೊರಟಾಗಿತ್ತು. ಅದರೊಳಗೆ ಹೈದರಾಬಾದಿನ ನಿಜಾಮನ ಸೈನ್ಯವೂ ಮೀರ್ ಆಲಂನ ಜೊತೆ ನಡೆದು ಬರುತ್ತಿತ್ತು. ಇತ್ತ ಜನವರಿಯ ಕೊನೆಯಲ್ಲಿ ನೆಪೋಲಿಯನ್ ಕೈರೋದಿಂದ ಟಿಪ್ಪುವಿಗೆ ಬರೆದ ಕಾಗದ, ಕೆಂಪು ಸಮುದ್ರದ ತೀರಕ್ಕೆ ಬಂದಿದ್ದೇನೆ, ನಿನ್ನನ್ನು ಬಿಡಿಸುತ್ತೇನೆ ಎಂದಿದ್ದ ಕಾಗದ, ಜೆಡ್ಡಾದಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿತು. ಶ್ರೀರಂಗಪಟ್ಟಣವನ್ನು ಅದು ಮುಟ್ಟಲೇ ಇಲ್ಲ.

ಆ ಆರು ತಿಂಗಳಲ್ಲಿ ಇಸ್ಲಾಮಿನ ರಕ್ಷಕರೆಂದು ಹೇಳಿಕೊಂಡವರನ್ನು ಲೆಕ್ಕ ಹಾಕಿ ನೋಡಿ: ಕೈರೋದಲ್ಲಿ ನೆಪೋಲಿಯನ್, ಇಸ್ತಾಂಬುಲಿನಲ್ಲಿ ಸಲೀಮ್, ಕಾಬೂಲಿನಲ್ಲಿ ಜಮಾನ್ ಶಾ, ಶ್ರೀರಂಗಪಟ್ಟಣದಲ್ಲಿ ಟಿಪ್ಪು, ಖಲೀಫನ ಪತ್ರ ಹಿಡಿದು ಮದರಾಸಿನಲ್ಲಿ ವೆಲ್ಲೆಸ್ಲಿ. ಇವರಲ್ಲಿ ಸೈನ್ಯ, ಹಣ, ಹಡಗು, ಅಂಚೆ ನಾಲ್ಕೂ ಕೈಯಲ್ಲಿದ್ದವನು ವೆಲ್ಲೆಸ್ಲಿ ಒಬ್ಬನೇ. ಆದ್ದರಿಂದ ಅವನ ಪ್ರಚಾರವೇ ಗೆದ್ದಿತು.

1799ರ ಮೇ 4ರ ಮಧ್ಯಾಹ್ನ ಕೋಟೆ ಬಿತ್ತು, ಟಿಪ್ಪು ಹೋರಾಡುತ್ತ ಸತ್ತ. ಊರಿನ ಲೂಟಿಯ ನಡುವೆಯೇ ಅರಮನೆಯ ಕಾಗದಪತ್ರಗಳನ್ನು ಜೋಪಾನವಾಗಿ ಬೇರೆ ತೆಗೆದಿಟ್ಟರು. ಪಾರ್ಸಿ ಬಲ್ಲ ವಿಲಿಯಂ ಕರ್ಕ್‌ಪ್ಯಾಟ್ರಿಕ್, ಎಡ್ಮನ್‌ಸ್ಟನ್ ಮೊದಲಾದ ಅಧಿಕಾರಿಗಳು ಅವನ್ನು ಸೋಸಿದರು. ಫ್ರೆಂಚರೊಡನೆ, ಕಾಬೂಲಿನೊಡನೆ, ಇಸ್ತಾಂಬುಲಿನೊಡನೆ ನಡೆದ ವ್ಯವಹಾರದ ಪತ್ರಗಳು ಅದೇ ವರ್ಷ ಕಲ್ಕತ್ತೆಯಲ್ಲಿ ಸರ್ಕಾರದ ಅಪ್ಪಣೆಯಂತೆ ಅಚ್ಚಾದವು. ಶ್ರೀರಂಗಪಟ್ಟಣದ ಫ್ರೆಂಚರು ಸಭೆ ಸೇರಿ ಸ್ವಾತಂತ್ರ್ಯ ವೃಕ್ಷ ನೆಟ್ಟರೆಂದು ಹೇಳುವ, 59 ಸದಸ್ಯರ ಹೆಸರಿರುವ ‘ಜಾಕೋಬಿನ್ ಕ್ಲಬ್’ನ ಕಾಗದವೂ ಅವುಗಳ ಜೊತೆ ಬೆಳಕಿಗೆ ಬಂತು. ಅದು ಎಷ್ಟರಮಟ್ಟಿಗೆ ಅಸಲಿ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಈಗಲೂ ವಾದವಿದೆ. ಅಲೆಗ್ಜಾಂಡರ್ ಬೀಟ್ಸನ್ 1800ರಲ್ಲಿ ಯುದ್ಧದ ಚರಿತ್ರೆ ಬರೆದ, ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಆಯ್ದ ಪತ್ರಗಳ ಸಂಪುಟ ತಂದ. ಎರಡರಲ್ಲೂ ಓದುಗರ ಮುಂದೆ ನಿಂತದ್ದು ಒಬ್ಬನೇ ಟಿಪ್ಪು: ಮತಾಂಧ, ನಂಬಿಕೆಗೆ ಬಾರದವ, ಜಗತ್ತಿನ ಮುಸಲ್ಮಾನರನ್ನೆಲ್ಲ ಕೂಡಿಸಿ ಇಂಗ್ಲಿಷರನ್ನು ಅಳಿಸಲು ಹೊರಟವ. ಕಾಗದಗಳು ಸುಳ್ಳಾಗಿರಲಿಲ್ಲ. ಆಯ್ಕೆ ಮಾತ್ರ ಗೆದ್ದವನದಾಗಿತ್ತು. ಖಲೀಫನ ಕಾಗದವನ್ನು ಆಯುಧ ಮಾಡಿಕೊಂಡ ಕಂಪನಿಯೇ, ಟಿಪ್ಪು ಖಲೀಫನಿಗೆ ಕಾಗದ ಬರೆದದ್ದನ್ನು ಅವನ ಅಪರಾಧವೆಂದು ತೋರಿಸಿತು.

ಈ ಸೀಮೆಯ ಜನರ ನೆನಪು ಅಚ್ಚಿನ ಪುಸ್ತಕಗಳ ದಾರಿಯಲ್ಲಿ ನಡೆಯಲಿಲ್ಲ. ಲಾವಣಿ ಹಾಡುವವರು ಇಸ್ತಾಂಬುಲನ್ನೂ ಕಾಬೂಲನ್ನೂ ಎತ್ತಿಕೊಳ್ಳಲಿಲ್ಲ. ದಿವಾನ ಮೀರ್ ಸಾದಿಕನ ದ್ರೋಹ, ಕೋಟೆಯ ಬಿರುಕು, ಸುಲ್ತಾನನ ಸಾವು ಹಾಡಿದರು. ಮೇಲುಕೋಟೆಯ ಮಂಡ್ಯಂ ಅಯ್ಯಂಗಾರ್ ಮನೆತನಗಳಲ್ಲಿ ಇನ್ನೊಂದು ನೆನಪಿದೆ. ಅವರ ಹಿರೀಕರನ್ನು ಟಿಪ್ಪು ಕೊಲ್ಲಿಸಿದನೆಂದೂ, ಅದಕ್ಕೇ ನರಕ ಚತುರ್ದಶಿಯಂದು ದೀಪಾವಳಿ ಮಾಡುವುದಿಲ್ಲವೆಂದೂ ಹೇಳುತ್ತಾರೆ. ಆ ಮನೆತನದ ತಿರುಮಲರಾಯ ಒಡೆಯರ ಮನೆತನದ ರಾಣಿ ಲಕ್ಷ್ಮಮ್ಮಣ್ಣಿಯ ಪರವಾಗಿ ಇಂಗ್ಲಿಷರೊಡನೆ ಸಂಧಾನ ನಡೆಸುತ್ತಿದ್ದ ಸಂಗತಿಯೂ ಅದಕ್ಕೆ ತಳುಕು ಹಾಕಿಕೊಂಡಿದೆ. ಇಂಥ ನೋವಿನ ನೆನಪನ್ನು ಯಾವ ನಾಣ್ಯದ ಮೇಲಿನ ಹೆಸರೂ ಅಳಿಸಲಾರದು. ಅದನ್ನು ಇತಿಹಾಸದಿಂದ ಹೊರಗಿಡಬೇಕೆಂದು ನಾನು ಹೇಳುವುದೂ ಇಲ್ಲ.

ಖಲೀಫನ ಹೆಸರು ಮೈಸೂರನ್ನು ಮತ್ತೊಮ್ಮೆ ಮುಟ್ಟಿದ್ದು ಮೊದಲ ಮಹಾಯುದ್ಧದಲ್ಲಿ. 1914ರ ನವೆಂಬರಿನಲ್ಲಿ ಇಸ್ತಾಂಬುಲಿನಿಂದ ಇಂಗ್ಲಿಷರ ವಿರುದ್ಧ ಜಿಹಾದಿನ ಕರೆ ಹೊರಟಿತು. ಇತ್ತ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು, ಮೈಸೂರು ಲ್ಯಾನ್ಸರ್ಸ್ ಕುದುರೆಪಡೆ ಈಜಿಪ್ಟಿಗೆ ಹೋಯಿತು. ಹಿಂದೂಗಳೂ ಮುಸಲ್ಮಾನರೂ ಇದ್ದ ಆ ಪಡೆ 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಕೂಡಿ ಹೈಫಾ ಪಟ್ಟಣವನ್ನು ಉಸ್ಮಾನಿಗಳಿಂದ ಗೆದ್ದುಕೊಂಡಿತು. ಯಾವ ಸುಲ್ತಾನನ ಬಳಿ ಟಿಪ್ಪು ಸೈನ್ಯ ಬೇಡಿದ್ದನೋ ಆ ಸುಲ್ತಾನನ ಸಿಂಹಾಸನದ ಸೈನ್ಯವನ್ನು ಮೈಸೂರಿನ ಸವಾರರು ಭರ್ಜಿ ಹಿಡಿದು ಓಡಿಸಿದರು.

ಯುದ್ಧ ಮುಗಿದು 1920ರ ಆಗಸ್ಟ್ 10ರಂದು ಸೇವರ್ ಒಪ್ಪಂದ ತುರ್ಕಿಯನ್ನು ಹರಿದು ಹಂಚಿದ ವಾರದಲ್ಲೇ ಗಾಂಧೀಜಿ ಮತ್ತು ಶೌಕತ್ ಅಲಿ ದಕ್ಷಿಣದ ಪ್ರವಾಸದಲ್ಲಿದ್ದರು. ಆಗಸ್ಟ್ 19ಕ್ಕೆ ಮಂಗಳೂರು, 21ಕ್ಕೆ ಬೆಂಗಳೂರು. ಖಲೀಫನ ಪದವಿ ಉಳಿಸಬೇಕೆಂಬ ಖಿಲಾಫತ್ ಚಳವಳಿಯ ಮಾತು ಕೇಳಲು ಹಿಂದೂಗಳೂ ಬಂದರು. ಮರುವರ್ಷ ಜುಲೈ 1ರಂದು ಧಾರವಾಡದಲ್ಲಿ ಹೆಂಡದಂಗಡಿಯ ಮುಂದೆ ಪಿಕೆಟಿಂಗ್ ನಡೆಸುತ್ತಿದ್ದವರ ಮೇಲೆ ಪೊಲೀಸರು ಗುಂಡು ಹಾರಿಸಿದಾಗ ಸತ್ತ ಮೂವರೂ ಮುಸಲ್ಮಾನರು, ಖಿಲಾಫತ್ ಸ್ವಯಂಸೇವಕರು. ತುರ್ಕಿಯ ಖಲೀಫನ ಹೆಸರಿನಲ್ಲಿ ಬೀದಿಗೆ ಬಂದವರು ಪ್ರಾಣ ಬಿಟ್ಟಿದ್ದು ತಮ್ಮ ಊರಿನ ಬಡವರ ಮನೆ ಮುರಿಯುತ್ತಿದ್ದ ಹೆಂಡದಂಗಡಿಯ ಮುಂದೆ. ನನ್ನ ಲೆಕ್ಕದಲ್ಲಿ ಈ ಇಡೀ ಕಥೆಯಲ್ಲಿ ಒಗ್ಗಟ್ಟು ನಿಜವಾಗಿ ಕಂಡದ್ದು ಅಲ್ಲಿ, ದರ್ಬಾರುಗಳಲ್ಲಲ್ಲ. 1924ರ ಮಾರ್ಚ್ 3ರಂದು ತುರ್ಕಿಯ ಸಂಸತ್ತೇ ಖಲೀಫನ ಪದವಿಯನ್ನು ರದ್ದು ಮಾಡಿತು. ಭಾರತದ ಮುಸಲ್ಮಾನರನ್ನು ಯಾರೂ ಕೇಳಲಿಲ್ಲ.

ಪ್ರತಿ ವರ್ಷ ನವೆಂಬರ್ ಬಂದರೆ ಟಿಪ್ಪುವಿನ ಹೆಸರಿನಲ್ಲಿ ನಮ್ಮಲ್ಲಿ ಜಗಳ ಎದ್ದೇಳುತ್ತದೆ. ಒಬ್ಬರು ಶೃಂಗೇರಿಯ ಕಾಗದ ಹಿಡಿದು ಬರುತ್ತಾರೆ, ಇನ್ನೊಬ್ಬರು ಕರ್ಕ್‌ಪ್ಯಾಟ್ರಿಕ್ ಅಚ್ಚು ಹಾಕಿಸಿದ ಕಾಗದ ಹಿಡಿದು ಬರುತ್ತಾರೆ. ಎರಡನ್ನೂ ಓದಿ. ಜೊತೆಗೆ ಖ್ವಾಜಾ ಅಬ್ದುಲ್ ಖಾದರನ ದಿನಚರಿಯನ್ನೂ, ವೆಲ್ಲೆಸ್ಲಿ ಲಂಡನ್ನಿಗೆ ಬರೆದ ವರದಿಗಳನ್ನೂ ಓದಿ. ಯಾವ ಕಾಗದವನ್ನು ಯಾರು ಆಯ್ದರು, ಯಾವ ವರ್ಷ ಅಚ್ಚು ಹಾಕಿಸಿದರು, ಯಾರ ಕಣ್ಣಿಗೆ ಬೀಳಲೆಂದು ಹಾಕಿಸಿದರು ಎಂದು ಕೇಳಿಕೊಂಡು ಓದಿ. ನಮ್ಮ ವಿಶ್ವವಿದ್ಯಾಲಯಗಳು ಈ ನಾಲ್ಕನ್ನೂ ಒಂದೇ ಸಂಪುಟದಲ್ಲಿ, ಒಳ್ಳೆಯ ಕನ್ನಡದಲ್ಲಿ ತಂದುಕೊಡಬೇಕು. ಮಂಡ್ಯ, ಪಾಂಡವಪುರದ ಕಾಲೇಜುಗಳ ಹುಡುಗರಿಗೆ ಅವರ ಊರಿನ ಇತಿಹಾಸ ಅದರಿಂದಲೇ ಮೊದಲು ಸಿಗಬೇಕು.